ಚೀಟಿಯಲ್ಲಿ ಒಂದು ಹೆಸರು, ಕೈಯಲ್ಲಿ ಇನ್ನೊಂದು ಮಾತ್ರೆ

“ಡಾಕ್ಟರು ಬರೆದದ್ದು ಖಾಲಿಯಾಗಿದೆ, ಅದೇ ಔಷಧ ಬೇರೆ ಕಂಪನಿಯದಿದೆ, ಕೊಡಲೇ?” ಔಷಧದ ಅಂಗಡಿಯ ಮುಂದೆ ನಿಂತು ಈ ಮಾತನ್ನು ಕೇಳದವರು ವಿರಳ. ಬಹುಪಾಲು ನಾವು ತಲೆಯಾಡಿಸಿ ಕೊಟ್ಟದ್ದನ್ನು ತರುತ್ತೇವೆ. ಹೀಗೆ ಬದಲಿಸಿ ಕೊಡುವ ಅಧಿಕಾರ ಅಂಗಡಿಯವರಿಗಿದೆಯೇ ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ.

ಪ್ರತಿಯೊಂದು ಔಷಧಕ್ಕೂ ಎರಡು ಹೆಸರುಗಳಿರುತ್ತವೆ. ಒಂದು ಅದರ ಮೂಲದ್ರವ್ಯದ ಹೆಸರು. ಇನ್ನೊಂದು ಕಂಪನಿ ಇಟ್ಟ ವ್ಯಾಪಾರದ ಹೆಸರು. ಪ್ಯಾರಾಸಿಟಮಾಲ್ ಎಂಬುದು ಮೂಲನಾಮ. ಕ್ರೋಸಿನ್, ಡೋಲೊ ಎಂಬವು ವ್ಯಾಪಾರದ ಹೆಸರುಗಳು. ಮೂಲನಾಮದಲ್ಲಿಯೇ ಮಾರಾಟವಾಗುವ ಔಷಧವನ್ನು ನಾವು ಜನೆರಿಕ್ ಎನ್ನುತ್ತೇವೆ. ಹೆಸರಿನ ಪ್ರಚಾರಕ್ಕೆ ವೆಚ್ಚವಿಲ್ಲದ ಕಾರಣ ಅದು ಅಗ್ಗ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ ದೊರೆಯುವುದು ಇಂಥ ಔಷಧಗಳೇ. ಅನೇಕ ಔಷಧಗಳ ಬೆಲೆ ಅಲ್ಲಿ ಪ್ರಸಿದ್ಧ ಬ್ರ್ಯಾಂಡಿನ ಅರ್ಧಕ್ಕಿಂತಲೂ ಕಡಿಮೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಜೀವಮಾನವಿಡೀ ಮಾತ್ರೆ ನುಂಗಬೇಕಾದ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ದುಡ್ಡಿಲ್ಲದೆ ಒಂದು ದಿನ ಬಿಟ್ಟು ಒಂದು ದಿನ ಮಾತ್ರೆ ತೆಗೆದುಕೊಳ್ಳುವವರು ನಮ್ಮ ನಡುವೆ ಇದ್ದಾರೆ.

ಆದರೆ ಕಾನೂನು ಏನನ್ನುತ್ತದೆ? 1945ರ ಔಷಧ ನಿಯಮಗಳಲ್ಲಿ 65ನೆಯ ನಿಯಮದ 11ಎ ಎಂಬ ಉಪನಿಯಮವಿದೆ. ಅನುಸೂಚಿ ‘ಎಚ್’ ಮತ್ತು ‘ಎಕ್ಸ್’ಗಳಿಗೆ ಸೇರಿದ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ವಿಷಯದಲ್ಲಿ, ಚೀಟಿಯಲ್ಲಿ ಬರೆದದ್ದರ ಬದಲಿಗೆ ಬೇರೊಂದನ್ನು ಕೊಡಕೂಡದೆಂದು ಅದು ವಿಧಿಸುತ್ತದೆ. ಬದಲಿಯಲ್ಲಿ ಅದೇ ಮೂಲದ್ರವ್ಯವಿದ್ದರೂ ಕೊಡಕೂಡದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳಲ್ಲಿ ಬಹುತೇಕ ಈ ಗುಂಪಿನವೇ. ಆದ್ದರಿಂದ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಷ್ಟೇ ಇದ್ದರೆ, ರೋಗಿಯೇ ಒಪ್ಪಿದರೂ ಬದಲಿಸುವ ಸ್ವಾತಂತ್ರ್ಯ ಅಂಗಡಿಯವರಿಗಿಲ್ಲ. ಮೂಲನಾಮವಿದ್ದರೆ ಆ ದ್ರವ್ಯದ ಯಾವ ಕಂಪನಿಯ ಔಷಧವನ್ನಾದರೂ ಕೊಡಬಹುದು.

ಇತ್ತ ವೈದ್ಯರಿಗೂ ಒಂದು ಕಟ್ಟಳೆಯಿದೆ. ಭಾರತೀಯ ವೈದ್ಯಕೀಯ ಪರಿಷತ್ತು ತನ್ನ 2002ರ ನೀತಿಸಂಹಿತೆಗೆ 2016ರಲ್ಲಿ ತಿದ್ದುಪಡಿ ತಂದು, ಔಷಧಗಳನ್ನು ಮೂಲನಾಮದಲ್ಲಿ, ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನು ಇನ್ನಷ್ಟು ಬಿಗಿಗೊಳಿಸಿ ಹೊಸ ನಿಯಮಾವಳಿ ಹೊರಡಿಸಿತಾದರೂ, ವೈದ್ಯ ಸಂಘಟನೆಗಳ ವಿರೋಧ ಬಂದು ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ವೈದ್ಯರ ಆಕ್ಷೇಪವನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಚೀಟಿಯಲ್ಲಿ ಮೂಲನಾಮ ಮಾತ್ರವಿದ್ದರೆ ಯಾವ ಕಂಪನಿಯದನ್ನು ಕೊಡಬೇಕೆಂಬ ಆಯ್ಕೆ ವೈದ್ಯರ ಕೈಯಿಂದ ಅಂಗಡಿಯ ಕಟ್ಟೆಗೆ ಜಾರುತ್ತದೆ. ಅಲ್ಲಿ ಗೆಲ್ಲುವುದು ರೋಗಿಗೆ ಅಗ್ಗವಾದದ್ದೋ, ಅಂಗಡಿಗೆ ಹೆಚ್ಚು ಲಾಭ ತರುವುದೋ? ಅಂಗಡಿಗೆ ಅಗ್ಗವಾಗಿ ಬಂದು, ಹೊದಿಕೆಯ ಮೇಲೆ ದುಬಾರಿ ಬೆಲೆ ಹೊತ್ತ ಮಾತ್ರೆಗಳೂ ಮಾರುಕಟ್ಟೆಯಲ್ಲಿವೆ.

ಗುಣಮಟ್ಟದ ಪ್ರಶ್ನೆಯೂ ಇದೆ. ಒಂದೇ ದ್ರವ್ಯ, ಒಂದೇ ತೂಕವಿದ್ದ ಮಾತ್ರಕ್ಕೆ ಎರಡು ಮಾತ್ರೆಗಳು ದೇಹದಲ್ಲಿ ಒಂದೇ ವೇಗದಲ್ಲಿ ಕರಗಿ ರಕ್ತ ಸೇರುತ್ತವೆಂದು ಹೇಳಲಾಗದು. ಇದನ್ನು ಪರೀಕ್ಷಿಸುವುದಕ್ಕೆ ಜೈವಿಕ ಸಮಾನತೆಯ ಪರೀಕ್ಷೆ ಎನ್ನುತ್ತಾರೆ. ಅಮೆರಿಕದಲ್ಲಿ ಹೀಗೆ ಸಮಾನವೆಂದು ಸಿದ್ಧವಾದ ಔಷಧಗಳ ಅಧಿಕೃತ ಪಟ್ಟಿಯಿದ್ದು, ವೈದ್ಯರು ಬೇಡವೆಂದು ಬರೆಯದಿದ್ದಲ್ಲಿ ಔಷಧಗಾರರು ಬದಲಿಸಿ ಕೊಡಬಹುದು. ನಮ್ಮಲ್ಲಿ ನೀರಿನಲ್ಲಿ ಸುಲಭವಾಗಿ ಕರಗದ ವರ್ಗದ ಔಷಧಗಳಿಗೆ ಈ ಪರೀಕ್ಷೆ ಕಡ್ಡಾಯವಾದದ್ದು 2017ರಲ್ಲಿ. ಜನೌಷಧಿಯ ಔಷಧಗಳನ್ನಾದರೋ ಕೇಂದ್ರಗಳಿಗೆ ಕಳುಹಿಸುವ ಮುನ್ನ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ಅಗ್ಗವೆಂಬ ಒಂದೇ ಕಾರಣಕ್ಕೆ ಅವನ್ನು ಶಂಕಿಸಬೇಕಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ಚೀಟಿ ಬರೆಯುವಾಗಲೇ, “ಡಾಕ್ಟರೇ, ಔಷಧದ ಮೂಲ ಹೆಸರನ್ನೂ ಬರೆಯಿರಿ, ಜನೌಷಧಿಯಲ್ಲಿ ತೆಗೆದುಕೊಳ್ಳುತ್ತೇವೆ” ಎಂದು ಕೇಳಿದರೆ ಅರ್ಧ ತೊಡಕು ಅಲ್ಲಿಯೇ ಬಿಡುತ್ತದೆ. ಕೇಳಲು ಸಂಕೋಚವೇಕೆ? ಅಂಗಡಿಯಲ್ಲಿ ಬ್ಯಾಚ್ ಸಂಖ್ಯೆಯುಳ್ಳ ರಶೀದಿಯನ್ನು ಕೇಳಿ ಪಡೆಯಬೇಕು.

ಹಿರಿಯರಿರುವ ಮನೆಗಳಲ್ಲಿ ಇನ್ನೊಂದು ಅಪಾಯವುಂಟು. ಹಳೆಯ ಮಾತ್ರೆ ಡಬ್ಬಿಯಲ್ಲಿ ಉಳಿದಿರುತ್ತದೆ, ಬೇರೆ ಹೆಸರಿನ ಹೊಸದು ಬರುತ್ತದೆ. ಎರಡೂ ಬೇರೆಯೆಂದು ತಿಳಿದು ಎರಡನ್ನೂ ನುಂಗುತ್ತಾರೆ. ಸಕ್ಕರೆಯ ಮಾತ್ರೆ ಹೀಗೆ ಇಮ್ಮಡಿಯಾದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಪ್ರಸಂಗವೂ ಬರಬಹುದು. 2018ರಿಂದ ಬಹುತೇಕ ಔಷಧಗಳ ಹೊದಿಕೆಯ ಮೇಲೆ ಮೂಲನಾಮವನ್ನು ವ್ಯಾಪಾರದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಮನೆಯ ಮಕ್ಕಳು, ಸೊಸೆಯಂದಿರು ಆ ದೊಡ್ಡ ಅಕ್ಷರಗಳನ್ನು ಹಳೆಯದರೊಡನೆ ಹೋಲಿಸಿ ನೋಡಿ, ಹಳೆಯದನ್ನು ತೆಗೆದಿಡಲಿ.

ಅಪಸ್ಮಾರ, ಥೈರಾಯ್ಡ್ ಕೊರತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ – ಇವುಗಳ ಮಾತು ಬೇರೆ. ಪ್ರಮಾಣ ಸ್ವಲ್ಪ ಏರಿಳಿದರೂ ಪರಿಣಾಮ ತೋರುವ ಔಷಧಗಳಿವು. ಬ್ರ್ಯಾಂಡಾಗಲಿ, ಜನೆರಿಕ್ ಆಗಲಿ, ಒಂದೇ ಕಂಪನಿಯದನ್ನು ಮುಂದುವರಿಸುವುದು ಲೇಸು. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಬೇಕು. ಥೈರಾಯ್ಡ್ ಮಾತ್ರೆಯಾದರೆ ಬದಲಿಸಿದ ಆರರಿಂದ ಎಂಟು ವಾರಗಳಲ್ಲಿ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಅವರೇ ಪ್ರಮಾಣವನ್ನು ಸರಿಪಡಿಸುತ್ತಾರೆ.