ಕಬ್ಬಾಳದ ಬಂಡೆ ನುಡಿದ ಸಾಕ್ಷ್ಯ

ಸಹಕಾರನಗರದಲ್ಲಿ ಮನೆ ಕಟ್ಟುವವರು ಅಡಿಪಾಯಕ್ಕೆ ತರಿಸುವ ಸೈಜುಗಲ್ಲನ್ನು ವಾಚಕರು ಒಮ್ಮೆ ಹೊರಳಿಸಿ ನೋಡಬೇಕು. ಅನೇಕ ಕಲ್ಲುಗಳಲ್ಲಿ ಕಪ್ಪು ಬಿಳುಪಿನ ಪಟ್ಟೆಗಳು ಬಳುಕಿ ಹರಿದಿರುತ್ತವೆ. ಇದು ನೈಸ್ ಎಂಬ ಶಿಲೆ. ಬೆಂಗಳೂರು ನಿಂತಿರುವುದೇ ಇದರ ಮೇಲೆ. ಲಾಲ್‌ಬಾಗಿನ ಬಂಡೆಯೂ ಇದೇ. ವಯಸ್ಸು ಸುಮಾರು 300 ಕೋಟಿ ವರ್ಷ.

ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟಗಳತ್ತ ಸಾಗಿದರೆ ಶಿಲೆಯ ಬಣ್ಣವೇ ಬೇರೆ. ಅಲ್ಲಿರುವುದು ಎಣ್ಣೆ ಸವರಿದಂತೆ ಮಿನುಗುವ, ಹಸುರು ಬೆರೆತ ಕಂದುಬಣ್ಣದ ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಗಲ್ಲು ಈ ಶಿಲೆಯದೇ. ಹೆಸರು ಬಂದದ್ದು ಅಲ್ಲಿಂದ! ಕರಗಿದ ಶಿಲಾರಸ ಆರಿ ಗಟ್ಟಿಯಾದ ಅಗ್ನಿಶಿಲೆಯಿದು ಎಂದು ಹಾಲೆಂಡ್ ಅವರು 1900ರಲ್ಲಿ ನಿರ್ಣಯಿಸಿದ್ದರು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನವನ್ನು ಬೋಧಿಸಿ, ಮುಂದೆ ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾದ ಸಿ. ಎಸ್. ಪಿಚ್ಚಮುತ್ತು ಅವರು ಕನಕಪುರ ತಾಲ್ಲೂಕಿನ ಕಬ್ಬಾಳದ ಕಲ್ಲುಗಣಿಯಲ್ಲಿ ಬೇರೊಂದನ್ನು ಕಂಡರು. ಬೂದು ನೈಸಿನ ನಡುವೆ ಅಲ್ಲಲ್ಲಿ ಚಾರ್ನೊಕೈಟಿನ ಕಪ್ಪು ಮಚ್ಚೆಗಳು. ಶಿಲಾರಸ ಹೊರಗಿನಿಂದ ನುಗ್ಗಿದ್ದರೆ ನೈಸಿನ ಪಟ್ಟೆಗಳನ್ನು ಕತ್ತರಿಸಿ, ಸ್ಪಷ್ಟವಾದ ಅಂಚನ್ನು ಉಳಿಸಬೇಕಿತ್ತು. ಇಲ್ಲಿ ಪಟ್ಟೆಗಳು ಮಚ್ಚೆಯೊಳಕ್ಕೆ ಹೊಕ್ಕು ಮಸುಕಾದರೂ ದಿಕ್ಕು ತಪ್ಪದೆ ಮುಂದುವರಿದಿದ್ದವು. ಬಟ್ಟೆಯ ಮೇಲೆ ಎಣ್ಣೆ ಹರಡಿದರೆ ನೇಯ್ಗೆಯ ಎಳೆ ಕಡಿಯುವುದುಂಟೆ? ನೈಸೇ ಇದ್ದಲ್ಲಿಯೇ ಚಾರ್ನೊಕೈಟಾಗುತ್ತಿತ್ತು. 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನ ಎರಡೇ ಪುಟಗಳದು.

ಪ್ರಯೋಗಶಾಲೆಯಲ್ಲಿ ತಿರುಪು ತಿರುಗಿಸಿ ಉಷ್ಣತೆಯನ್ನು ಬದಲಿಸುವ ನಮಗೆ, ಭೌತಶಾಸ್ತ್ರದವರಿಗೆ, ಈ ಬಗೆಯ ವಿಚಾರಣೆ ಅಸೂಯೆ ಹುಟ್ಟಿಸುತ್ತದೆ. ಪ್ರಯೋಗ ಎಂದೋ ಮುಗಿದಿದೆ. ಉಳಿದಿರುವುದು ಪಾತ್ರೆಯ ತಳ ಮಾತ್ರ.

ಕಾರಣವನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎ. ಎಸ್. ಜನಾರ್ದನ್ ಅವರು ಷಿಕಾಗೋದ ನ್ಯೂಟನ್ ಮತ್ತು ಹ್ಯಾನ್ಸೆನ್ ಅವರೊಡನೆ ಅರಸಿ 1982ರಲ್ಲಿ ವಿವರಿಸಿದರು. ನೈಸಿನಲ್ಲಿರುವ ಕಪ್ಪು ಅಭ್ರಕ, ಅಂದರೆ ಕಾಗೆಬಂಗಾರ, ತನ್ನೊಳಗೆ ನೀರನ್ನು ಹಿಡಿದಿರುತ್ತದೆ. ಭೂಮಿಯ ಆಳದಲ್ಲಿ, ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆಯಲ್ಲಿ, ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ್ಯ ಬಿರುಕುಗಳಲ್ಲಿ ಹರಿದಾಗ ಸುತ್ತಣ ನೀರಿನ ಪಾಲು ತಗ್ಗುತ್ತದೆ. ಬಿಸಿಲು ಏರದಿದ್ದರೂ ಒಣಗಾಳಿಗೆ ಸಂಡಿಗೆ ಆರುವಂತೆ, ಅಭ್ರಕ ನೀರನ್ನು ಬಿಟ್ಟು, ಬೆಣಚಿನೊಡನೆ ವರ್ತಿಸಿ, ಹೈಪರ್‌ಸ್ತೀನ್ ಎಂಬ ನೀರಿಲ್ಲದ ಖನಿಜವಾಗುತ್ತದೆ. ಹೀಗಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ.

ಹಾಗೆಂದು ಹಾಲೆಂಡ್ ಪೂರ್ತಿ ಸೋತರೆನ್ನಲಾಗದು. ಶಿಲಾರಸದಿಂದಲೇ ಹುಟ್ಟಿದ ಚಾರ್ನೊಕೈಟೂ ಲೋಕದಲ್ಲಿದೆ. ಆ ಅನಿಲ ಎಲ್ಲಿಂದ ಬಂದಿತೆಂಬ ವಾದವೂ ತೀರಿಲ್ಲ. ಕಬ್ಬಾಳಮ್ಮನ ದರ್ಶನಕ್ಕೆ ಹೋಗುವ ವಿದ್ಯಾರ್ಥಿಗಳು ಒಂದು ಭೂತಗನ್ನಡಿಯನ್ನು ಜೊತೆಗೊಯ್ಯಲಿ, ಸುತ್ತಿಗೆ ಬೇಡ.