ಗಾಳಿ ಸಾಲದ ಬೆಂಕಿ

ಕಟ್ಟಿಗೆ, ಬಟ್ಟೆ, ಎಣ್ಣೆ, ಪ್ಲಾಸ್ಟಿಕ್ಕು ಎಲ್ಲದರಲ್ಲೂ ಉರಿಯುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ. ಬೇಕಾದಷ್ಟು ಗಾಳಿ ಸಿಕ್ಕರೆ ಉರಿಯುವಾಗ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಜಲಜನಕ ನೀರಾವಿಯಾಗುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೀಗಾಗುವುದಿಲ್ಲ. ಗಾಳಿಯಲ್ಲಿ ಶೇ 21ರಷ್ಟಿದ್ದ ಆಮ್ಲಜನಕ ಶೇ 15ರ ಆಸುಪಾಸಿಗೆ ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಜ್ವಾಲೆ ಸೊರಗುತ್ತದೆ. ಕಾವು ಮಾತ್ರ ಉಳಿದಿರುತ್ತದೆ. ಆ ಕಾವಿಗೆ ಹಾಸಿಗೆ, ಸೋಫಾ, ಪರದೆಗಳು ಅನಿಲ ಬಿಡುತ್ತಲೇ ಇರುತ್ತವೆ. ಅದನ್ನು ಪೂರ್ತಿ ಸುಡುವಷ್ಟು ಆಮ್ಲಜನಕ ಅಲ್ಲಿರುವುದಿಲ್ಲ.

ಜ್ವಾಲೆಯಲ್ಲಿ ಇಂಗಾಲ ಮೊದಲು ಕಾರ್ಬನ್ ಮಾನಾಕ್ಸೈಡ್ ಆಗಿ, ಆಮೇಲೆ ಡೈಆಕ್ಸೈಡ್ ಆಗುತ್ತದೆ. ಈ ಎರಡನೆಯ ಹಂತ ನಡೆಯಬೇಕಾದರೆ ಜ್ವಾಲೆಯಲ್ಲೇ ಹುಟ್ಟುವ ಹೈಡ್ರಾಕ್ಸಿಲ್ ಎಂಬ ಚುರುಕು ಕಣಗಳು ಬೇಕು. ಅರೆಬೆಂದ ಇಂಧನ ಸುತ್ತ ತುಂಬಿರುವಾಗ ಆ ಕಣಗಳೆಲ್ಲ ಅದರ ಪಾಲಾಗಿ ಮಾನಾಕ್ಸೈಡ್ ಹಾಗೇ ಉಳಿಯುತ್ತದೆ. ಒಳ್ಳೆ ಗಾಳಿಯಲ್ಲಿ ಒಂದು ಕಿಲೋ ಮರ ಉರಿದರೆ ಕೆಲವೇ ಗ್ರಾಂ ಮಾನಾಕ್ಸೈಡ್ ಹೊರಬರುತ್ತದೆ. ಗಾಳಿ ಸಾಲದಾಗ ಅದು 200 ಗ್ರಾಂವರೆಗೆ ಏರಬಹುದು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿಟ್ಟ ಕೆಂಡ ಹೊಗೆಯಾಡದಿದ್ದರೂ ಕೊಲ್ಲುವುದು ಇದರಿಂದಲೇ. ಗಾಳಿಯಾಡದ ಪುಟ್ಟ ಬಚ್ಚಲುಮನೆಯಲ್ಲಿ ಉರಿಯುವ ಗ್ಯಾಸ್ ಗೀಸರ್ ಕೂಡ ಅಷ್ಟೇ ಅಪಾಯ. ಅದನ್ನು ಒಳಗೆ ಕೂರಿಸಲೇಬಾರದು.

ಮಸಿಯೂ ಅರೆಬೆಂದ ಇಂಧನವೇ. ಕಾವಿಗೆ ಒಡೆದ ಇಂಧನದ ಚೂರುಗಳು ಒಂದಕ್ಕೊಂದು ಕೂಡಿ ಇಂಗಾಲದ ಉಂಗುರಗಳಾಗುತ್ತವೆ, ಉಂಗುರಗಳು ಬೆಳೆದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತವೆ, ಕಣಗಳು ಸರಪಣಿಯಂತೆ ಅಂಟಿಕೊಳ್ಳುತ್ತವೆ. ದೀಪದ ಹಳದಿ ಬೆಳಕು ಈ ಕಣಗಳು ಕಾದು ಹೊಳೆಯುವುದರಿಂದ ಬರುವಂಥದ್ದು. ಸಾಮಾನ್ಯವಾಗಿ ಅವು ಜ್ವಾಲೆಯ ತುದಿಯಲ್ಲಿ ಸುಟ್ಟುಹೋಗುತ್ತವೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುವಾಗ ಆಗುವುದೆಂದರೆ, ಸುಡುವ ಮೊದಲೇ ಅವನ್ನು ತಣಿಸಿ ಕೂಡಿಸುವುದು. ಗಾಳಿ ಸಾಲದ ಕೋಣೆಯಲ್ಲೂ ಮಸಿ ಸುಡದೆ ಉಳಿದು ಹೊಗೆಯನ್ನು ಕಪ್ಪಾಗಿಸುತ್ತದೆ, ದಾರಿ ಮುಚ್ಚುತ್ತದೆ, ಉಸಿರಿನೊಂದಿಗೆ ಶ್ವಾಸಕೋಶಕ್ಕಿಳಿಯುತ್ತದೆ.

ಈಗಿನ ಮನೆಗಳಲ್ಲಿ ಇನ್ನೊಂದು ವಿಷವೂ ಸೇರಿಕೊಂಡಿದೆ. ಹಾಸಿಗೆ, ಸೋಫಾಗಳ ಪಾಲಿಯುರೆಥೇನ್ ಫೋಮ್, ನೈಲಾನ್, ಉಣ್ಣೆ ಇವುಗಳಲ್ಲಿ ಸಾರಜನಕವಿದೆ. ಗಾಳಿ ಸಾಲದೆ ಸುಟ್ಟರೆ ಅದರಿಂದ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಮಾನಾಕ್ಸೈಡ್ ರಕ್ತ ಆಮ್ಲಜನಕ ಹೊರದಂತೆ ಮಾಡಿದರೆ, ಸಯನೈಡ್ ಜೀವಕೋಶಗಳು ಅದನ್ನು ಬಳಸದಂತೆ ತಡೆಯುತ್ತದೆ. ಎರಡೂ ಸೇರಿದಾಗ ಮನುಷ್ಯ ಬಾಗಿಲು ಮುಟ್ಟುವ ಮೊದಲೇ ಪ್ರಜ್ಞೆ ತಪ್ಪಿ ಬೀಳಬಹುದು.

2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಎಎಮ್‌ಆರ್‌ಐ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಸುಮಾರು 90 ಮಂದಿ ಸತ್ತರು. ಅವರಲ್ಲಿ ಬಹುತೇಕರು ಮೇಲಂತಸ್ತುಗಳಲ್ಲಿ ಮಲಗಿದ್ದ ರೋಗಿಗಳು. ಅವರನ್ನು ಕೊಂದದ್ದು ಉರಿಯಲ್ಲ, ಕೆಳಗಿನಿಂದ ಏರಿಬಂದ ಹೊಗೆ. ಗಾಜು ಮುಚ್ಚಿದ ಹವಾನಿಯಂತ್ರಿತ ಕಟ್ಟಡದಿಂದ ಆ ಹೊಗೆಗೆ ಹೊರಹೋಗುವ ದಾರಿಯಿರಲಿಲ್ಲ.

ಹೊಗೆಯಲ್ಲಿ ಸುಡದೆ ಉಳಿದ ಅನಿಲಗಳೂ ಇಂಧನವೇ. ಮುಚ್ಚಿದ ಬಾಗಿಲನ್ನು ಯಾರಾದರೂ ತಟ್ಟನೆ ತೆರೆದರೆ ಹೊಸ ಗಾಳಿ ನುಗ್ಗಿ, ಅವೆಲ್ಲ ಒಮ್ಮೆಲೇ ಹೊತ್ತಿಕೊಂಡು ಬಾಗಿಲಿನಾಚೆಗೆ ಉರಿ ಚಿಮ್ಮಬಹುದು. ಆದ್ದರಿಂದ ಇಂಥ ಅಪಾಯ ಕಂಡಲ್ಲಿ ಅಗ್ನಿಶಾಮಕ ಸಿಬ್ಬಂದಿ ಬಾಗಿಲು ತೆರೆಯುವ ಮೊದಲು, ಸಾಧ್ಯವಾದರೆ, ಚಾವಣಿಯನ್ನೋ ಮೇಲಿನ ಕಿಟಕಿಯನ್ನೋ ಒಡೆದು ಬಿಸಿ ಅನಿಲವನ್ನು ಹೊರಗೆ ಬಿಡುತ್ತಾರೆ.