ಜಮೀನು ದಲ್ಲಾಳಿಗಳ ಆರೋಗ್ಯ: ತಡೆಯಬಾರದ ವೇಗಗಳು

ಬಳಿಚಕ್ರದ ಸುತ್ತಮುತ್ತ ಹೊಲ, ಪ್ಲಾಟು ತೋರಿಸುವ ದಲ್ಲಾಳಿ ಬಂಧುಗಳು ಚಿಕಿತ್ಸೆಗೆಂದು ನಮ್ಮಲ್ಲಿಗೆ ಬರುವುದುಂಟು. ಉರಿಮೂತ್ರ, ಹುಳಿತೇಗು, ನಿದ್ರಾಹೀನತೆ: ಬಹುಪಾಲು ಈ ಮೂರೇ ದೂರುಗಳು.

ದಿನಚರಿಯನ್ನು ಕೇಳಿದರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಯಾದಗಿರಿ ಸೀಮೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಅಂಥ ಬಯಲಿನಲ್ಲಿ ಗಿರಾಕಿಯೊಡನೆ ನಿಂತವರು ನೀರಡಿಕೆಯನ್ನೂ ಮೂತ್ರವನ್ನೂ ತಡೆಹಿಡಿಯುತ್ತಾರೆ. ನೋಂದಣಿ ಕಚೇರಿಯಲ್ಲಿ ಸರದಿ ಕಾಯುವ ದಿನ ಊಟಕ್ಕೆ ಬದಲು ಆರೇಳು ಕಪ್ಪು ಚಹಾ. ಸಂಚಕಾರ ಕೊಟ್ಟವರು ಹಿಂದೆ ಸರಿದರೆ, ಪಹಣಿಯಲ್ಲಿ ಅಣ್ಣತಮ್ಮಂದಿರ ತಂಟೆ ಹೊರಬಿದ್ದರೆ, ತಿಂಗಳ ಓಡಾಟ ವ್ಯರ್ಥ; ಎರಡೂ ಕಡೆಯ ಬೈಗುಳ ನಡುವೆ ನಿಂತವನಿಗೆ. ಅಂದು ರಾತ್ರಿ ನಿದ್ರೆ ಹೇಗೆ ಬಂದೀತು?

ತಡೆಯಬಾರದ 13 ವೇಗಗಳನ್ನು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ಹೆಸರಿಸುತ್ತದೆ. ಮೂತ್ರ, ಹಸಿವು, ನೀರಡಿಕೆ, ನಿದ್ರೆ ಅವುಗಳಲ್ಲಿ ಸೇರಿವೆ. ತಡೆಯಬೇಕಾದವುಗಳನ್ನೂ ಅಲ್ಲಿಯೇ ಹೇಳಿದೆ: ಲೋಭ, ಭಯ, ಕ್ರೋಧ, ಸುಳ್ಳು ಮಾತು. (ಕೊನೆಯದನ್ನು ಕೇಳಿ ದಲ್ಲಾಳಿ ಬಂಧುಗಳು ನಗುತ್ತಾರೆ.)

ಬೈಕಿನಲ್ಲಿ ನೀರಿನ ಬಾಟಲಿ ಸದಾ ಇರಲಿ. ಹೊಲಕ್ಕೆ ಹೊರಡುವ ಮುನ್ನ ಮೂತ್ರವಿಸರ್ಜನೆ ಮಾಡಿ. ಅಲ್ಲಿ ಒತ್ತಡ ಬಂದರೆ ಸಂಕೋಚಪಡದೆ ಗಿರಾಕಿಯಿಂದ ಐದು ನಿಮಿಷ ಬಿಡುವು ಕೇಳಿರಿ. ಕಚೇರಿಯ ದಿನ ರೊಟ್ಟಿಯ ಬುತ್ತಿಯೊಂದಿಗೆ ಜೀರಿಗೆ ಹಾಕಿದ ತಿಳಿ ಮಜ್ಜಿಗೆ ಒಯ್ಯಿರಿ, ಮಜ್ಜಿಗೆ ಹುಳಿಯಾಗಿರಬಾರದು. ಖಾಲಿ ಹೊಟ್ಟೆಯ ಚಹಾ ಬೇಡ. ರಾತ್ರಿ ಹತ್ತರ ನಂತರ ಮೊಬೈಲ್ ಬಂದ್ ಮಾಡಿರಿ. ಭೂಮಿ ಬೆಳಗಾಗುವವರೆಗೆ ಎಲ್ಲಿಗೂ ಹೋಗದು.

ಮೂತ್ರದಲ್ಲಿ ರಕ್ತ, ಚಳಿಜ್ವರದೊಡನೆ ಪಕ್ಕೆನೋವು ಅಥವಾ ಎದೆನೋವು ಕಂಡರೆ ಕಷಾಯಕ್ಕಾಗಿ ನಮ್ಮಲ್ಲಿಗೆ ಬರಬೇಡಿರಿ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿರಿ.